ಅಮ್ಮನ ಫ್ಲಾಸ್ಕು, ಏಳು ವಿಮಾನ

ಅಮ್ಮನಿಗೆ 68. ತಿಪಟೂರು ಬಿಟ್ಟು ದೂರ ಹೋಗಿದ್ದು ಅಂದರೆ ಕಾಶಿ ಒಂದೇ, ಅದೂ ರೈಲಿನಲ್ಲಿ. ಅಮೆರಿಕದ ರಾಲಿಯಲ್ಲಿರುವ ಅಕ್ಕ ಎರಡು ವರ್ಷದಿಂದ ಕರೆಯುತ್ತಿದ್ದಳು. ಷಿಕಾಗೋ ಹತ್ತಿರ ಸೋದರಮಾವನ ಮಗ ಮನೆ ತಗೊಂಡಿದ್ದ, ಆಷಾಢ ಬರೋದರೊಳಗೆ ಗೃಹಪ್ರವೇಶ ಮುಗಿಸಬೇಕು ಅಂತ ಹಟ. ವಾಪಸ್ ಬರುವ ದಾರಿಯಲ್ಲಿ ಮ್ಯೂನಿಕ್‌ನಲ್ಲಿ ಚಿಕ್ಕಪ್ಪನ ಮಗ. ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿ ಟಿಕೆಟ್ ಮಾಡಿ ನೋಡಿದರೆ ಏಳು ವಿಮಾನ. ನಾಲ್ಕು ಯುರೋಪಿನ ಕಂಪನಿಗಳದ್ದು, ಮೂರು ಅಮೆರಿಕದ್ದು. ಕಂಪನಿಗಳ ಹೆಸರು ಹೇಳೋದಿಲ್ಲ, ಜಗಳ ನನಗೆ ಬೇಡ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಮ್ಮ ತಣ್ಣೀರು ಮುಟ್ಟೋದಿಲ್ಲ. ಅರ್ಧ ಲೀಟರಿನ ಒಂದು ಸ್ಟೀಲ್ ಫ್ಲಾಸ್ಕು ಸದಾ ಚೀಲದಲ್ಲಿ. ಸೆಕ್ಯುರಿಟಿಯಲ್ಲಿ ಖಾಲಿ ಮಾಡಬೇಕು, ಒಳಗೆ ಹೋದ ಮೇಲೆ ಬಿಸಿನೀರು ಹುಡುಕಬೇಕು. ಹಾಗಾಗಿ ಸೀಟು ಎಷ್ಟು ಅಗಲ, ಸ್ಕ್ರೀನು ಎಷ್ಟು ದೊಡ್ಡದು ಅಂತ ನಾನು ಲೆಕ್ಕ ಹಾಕುತ್ತಿದ್ದರೆ, ಅಮ್ಮನ ಲೆಕ್ಕ ಬಿಸಿನೀರಿನದ್ದು. ಕೊನೆಗೆ ಅವಳ ಲೆಕ್ಕವೇ ಸರಿ ಅನ್ನಿಸಿತು ನನಗೆ.

ಮೊದಲ ದಿನ, ನಸುಕು: ಬೆಂಗಳೂರು–ಫ್ರಾಂಕ್‌ಫರ್ಟ್

ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್. 2023ರ ಸೆಪ್ಟೆಂಬರ್‌ನಲ್ಲಿ ಅಂತಾರಾಷ್ಟ್ರೀಯ ವಿಮಾನಗಳೆಲ್ಲ ಇಲ್ಲಿಗೆ ಬಂದವು. ಮೇಲೆ ಬಿದಿರು, ನೇತಾಡುವ ಗಿಡಗಳು. ಅಮ್ಮ ಕತ್ತೆತ್ತಿ ನೋಡಿ, "ಇದಕ್ಕೆಲ್ಲ ನೀರು ಯಾರು ಹಾಕ್ತಾರೋ?" ಅಂದಳು.

ವಿಮಾನ ಯುರೋಪಿನ ಕಂಪನಿಯದ್ದು. ಹತ್ತಿದ ತಕ್ಷಣ ಗೊತ್ತಾಗುತ್ತೆ, ಇಲ್ಲಿ ಎಲ್ಲದಕ್ಕೂ ಒಂದು ಕ್ರಮ. ಕಂಬಳಿ ಸೀಟಿನ ಮೇಲೆ ಮಡಿಸಿಟ್ಟಿದೆ. ಬುಕ್ ಮಾಡುವಾಗಲೇ ಹೇಳಿದ್ದ ಸಸ್ಯಾಹಾರಿ ಊಟ ಉಳಿದವರಿಗಿಂತ ಮೊದಲೇ ಬಂತು, ಸೀಟ್ ನಂಬರ್ ಬರೆದ ಚೀಟಿ ಅಂಟಿಸಿಕೊಂಡು. ಅನ್ನ, ಪಾಲಕ್, ಒಂದು ಗಟ್ಟಿ ಬನ್ನು, ಬೆಣ್ಣೆ. ಬನ್ನು ಮುರಿಯಲು ಅಮ್ಮ ಎರಡೂ ಕೈ ಹಾಕಿದಳು.

ಬಿಸಿನೀರು ಕೇಳಿದೆ. ಆ ಹುಡುಗ ನಕ್ಕಿಲ್ಲ, ಮುಖ ಸಿಂಡರಿಸಲೂ ಇಲ್ಲ. "ಊಟದ ತಳ್ಳುಗಾಡಿ ಮುಗೀಲಿ, ಹದಿನೈದು ನಿಮಿಷ" ಅಂದ. ಇನ್ನು ಬಂದ ಹಾಗೇ ಅಂತ ನಾನು ಕೈ ಬಿಟ್ಟಿದ್ದೆ. ಹದಿನಾರನೇ ನಿಮಿಷಕ್ಕೆ ಬಂದ. ಪುಟ್ಟ ಟ್ರೇ, ಅದರ ಮೇಲೆ ಪೇಪರ್ ನ್ಯಾಪ್ಕಿನ್, ಅದರ ಮೇಲೆ ಮುಕ್ಕಾಲು ತುಂಬಿದ ಲೋಟ. ಫ್ಲಾಸ್ಕು ತೋರಿಸಿದರೆ ತಲೆಯಾಡಿಸಿದ. ಪ್ರಯಾಣಿಕರ ಪಾತ್ರೆಗೆ ಬಿಸಿನೀರು ಹಾಕುವ ಹಾಗಿಲ್ಲವಂತೆ, ಸುಟ್ಟುಕೊಂಡರೆ ಕಷ್ಟ. ಬೇಕಾದಾಗೆಲ್ಲ ಲೋಟದಲ್ಲಿ ತರುತ್ತೇನೆ ಅಂದ. ಹತ್ತು ಗಂಟೆಯ ಹಾರಾಟದಲ್ಲಿ ನಾಲ್ಕು ಸಲ ತಂದ.

ಅಮ್ಮನ ತೀರ್ಪು: "ಹುಡುಗ ಶಿಸ್ತು. ಆದರೆ ಒಂದು ಮಾತೂ ಆಡಲ್ವಲ್ಲೋ."

ಮೊದಲ ದಿನ, ಇನ್ನೂ ಬೆಳಿಗ್ಗೆ: ಫ್ರಾಂಕ್‌ಫರ್ಟ್–ನ್ಯೂಯಾರ್ಕ್

ಅಮ್ಮನಿಗೆ ಗಾಲಿಕುರ್ಚಿ ಹೇಳಿದ್ದೆ. ಯುರೋಪಿನಲ್ಲಿ ಇದರ ಹೊಣೆ ವಿಮಾನ ನಿಲ್ದಾಣದ್ದು, 2006ರಲ್ಲಿ ಮಾಡಿದ ನಿಯಮ. ಅಮೆರಿಕದಲ್ಲಿ ಹೊಣೆ ಏರ್‌ಲೈನಿನದ್ದು, ಅಲ್ಲಿ 1986ರ ಕಾನೂನು. ಕೇಳೋಕೆ ಸಣ್ಣ ವ್ಯತ್ಯಾಸ. ಅನುಭವಕ್ಕೆ ಬಂದರೆ ಎರಡೂ ಬೇರೆ ಲೋಕ. ಫ್ರಾಂಕ್‌ಫರ್ಟ್‌ನಲ್ಲಿ ನಮ್ಮನ್ನು ಒಂದು ಕೋಣೆಯಲ್ಲಿ ಕೂರಿಸಿದರು. ಅಲ್ಲಿ ಆಗಲೇ ಹತ್ತು ಹನ್ನೆರಡು ಅಜ್ಜ ಅಜ್ಜಿಯರು. ಹೆಸರು ಕರೆದಾಗ ಎದ್ದು ಬ್ಯಾಟರಿ ಗಾಡಿ ಹತ್ತಬೇಕು. ಟಿಪ್ಸ್ ಯಾರೂ ಕೇಳಲಿಲ್ಲ, ಕೊಡಲು ಹೋದರೆ ಗಾಡಿ ಓಡಿಸುವವ ಕೈ ಹಿಂದೆ ತಗೊಂಡ.

ಎರಡನೇ ವಿಮಾನ ಅಮೆರಿಕದ್ದು. ಟಿಕೆಟ್ ಮೇಲೆ ಯುರೋಪಿನ ಕಂಪನಿಯ ಹೆಸರೇ ಇತ್ತು, ಆದರೆ ಹಾರಿಸುವುದು ಪಾಲುದಾರ ಕಂಪನಿ. ಇದನ್ನು ಕೋಡ್‌ಷೇರ್ ಅಂತಾರೆ. ಇಂಥ ಟಿಕೆಟ್ ತಗೊಳ್ಳುವವರು ಒಂದು ಕೆಲಸ ಮಾಡಿ: ಸಸ್ಯಾಹಾರಿ ಊಟದ ಕೋರಿಕೆ ನಿಜವಾಗಿ ಹಾರಿಸುವ ಕಂಪನಿಯ ಪಟ್ಟಿಯಲ್ಲಿ ಬಂದಿದೆಯಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ನಾನು ಕೇಳಲಿಲ್ಲ, ಅನುಭವಿಸಿದೆ.

ವಿಮಾನ ಹಳೇ ಬೋಯಿಂಗ್ 767. ಈ ಮಾದರಿ ಮೊದಲು ಹಾರಿದ್ದು 1981ರಲ್ಲಿ. ಒಳಗೆ ಹೋಗುವಾಗ ಅಯ್ಯೋ ಇಷ್ಟು ಹಳೇದಾ ಅನ್ನಿಸಿತು, ಕೂತ ಮೇಲೆ ಮನಸ್ಸು ಬದಲಾಯಿತು. ಇದರಲ್ಲಿ ಸೀಟುಗಳು 2-3-2. ಅಂದರೆ ಕಿಟಕಿ ಕಡೆ ಎರಡೇ ಸೀಟು, ಅಮ್ಮ ಮತ್ತು ನಾನು, ಮಧ್ಯೆ ಮೂರನೆಯವರಿಲ್ಲ. ಬಾತ್‌ರೂಮಿಗೆ ಏಳಬೇಕಾದರೆ ಯಾರನ್ನೂ ಎಬ್ಬಿಸಬೇಕಿಲ್ಲ. ಹೊಸ 787ಗಳಲ್ಲಿ 3-3-3, ಸೀಟಿನ ಅಗಲ ಸುಮಾರು 17 ಇಂಚು. ವಯಸ್ಸಾದವರ ಜೊತೆ ಇಬ್ಬರೇ ಹೋಗುವಾಗ ಹಳೇ ವಿಮಾನವೇ ವಾಸಿ.

ಇನ್ನು ಗಗನಸಖಿಯರು. ನಮ್ಮ ಸಾಲಿಗೆ ಬಂದಾಕೆಗೆ ಪೂರ್ತಿ ಬಿಳಿ ಕೂದಲು, ಮೂಗಿನ ತುದಿಗೆ ಕನ್ನಡಕ. ಅಮ್ಮ ನನ್ನ ಕಿವಿಯಲ್ಲಿ, "ನನ್ನ ಓರಗೆ ಇರಬಹುದು ಅಲ್ವಾ? ಪಾಪ, ಈ ವಯಸ್ಸಲ್ಲಿ ಯಾಕೆ ದುಡೀತಾಳೆ?" ಪಾಪ ಏನೂ ಇಲ್ಲ. ಅಮೆರಿಕದ ಕಂಪನಿಗಳಲ್ಲಿ ಎಲ್ಲವೂ ಸೇವಾ ಹಿರಿತನದ ಮೇಲೆ. ಹಿರಿಯರು ಬೇಕಾದ ದಾರಿ ಮೊದಲು ಆರಿಸಿಕೊಳ್ಳುತ್ತಾರೆ, ಸಾಗರ ದಾಟುವ ಉದ್ದದ ಹಾರಾಟಗಳು ಸಾಮಾನ್ಯವಾಗಿ ಅವರ ಪಾಲಿಗೇ ಹೋಗುತ್ತವೆ. ಒಂದು ಕಾಲದಲ್ಲಿ ಅದೇ ದೇಶದಲ್ಲಿ ಮದುವೆಯಾದರೆ, ಮೂವತ್ತು ಚಿಲ್ಲರೆ ವಯಸ್ಸಾದರೆ ಕೆಲಸ ಬಿಡಿಸುತ್ತಿದ್ದರು. ಕೋರ್ಟು ಕಚೇರಿ ಅಲೆದು ಆ ಹೆಂಗಸರೇ ಅದನ್ನು ನಿಲ್ಲಿಸಿದರು. ಬೆಟ್ಟಿ ನ್ಯಾಶ್ ಅಂತ ಒಬ್ಬಾಕೆ 1957ರಲ್ಲಿ ಸೇರಿ, 2024ರಲ್ಲಿ 88ನೇ ವಯಸ್ಸಿಗೆ ತೀರಿಕೊಳ್ಳುವವರೆಗೂ ಕೆಲಸ ಬಿಡಲಿಲ್ಲ, ಗಿನ್ನೆಸ್ ದಾಖಲೆ ಅದು. ಇದನ್ನೆಲ್ಲ ಹೇಳಿದ ಮೇಲೆ ಅಮ್ಮ ಆಕೆಯನ್ನು ನೋಡುವ ರೀತಿಯೇ ಬೇರೆ ಆಯಿತು.

ಊಟ ಬಂತು. ನಮ್ಮ ಸಸ್ಯಾಹಾರಿ ಬರಲಿಲ್ಲ. ಪಟ್ಟಿಯಲ್ಲಿ ನಮ್ಮ ಹೆಸರೇ ಇಲ್ಲ. ಉಳಿದಿದ್ದು ಚಿಕನ್ನು, ಇಲ್ಲವೇ ಪಾಸ್ತಾ. ಪಾಸ್ತಾ ಮುಗಿದಿತ್ತು. ಬಿಳಿ ಕೂದಲಿನಾಕೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಒಂದು ಕ್ಷಣ ಯೋಚಿಸಿ, "ನಿಮ್ಮಮ್ಮ ಹಸಿದುಕೊಂಡು ನನ್ನ ವಿಮಾನದಿಂದ ಇಳಿಯೋದಿಲ್ಲ" ಅಂತ ಹೇಳಿ ಮುಂದೆ ಹೋದಳು. ಬರುವಾಗ ಬಿಸಿನೆಸ್ ಕ್ಲಾಸಿನ ಪಿಂಗಾಣಿ ತಟ್ಟೆ. ಅದರ ತುಂಬ ಹಣ್ಣು, ಎರಡು ಬಿಸಿ ಬ್ರೆಡ್ಡು, ಗೋಡಂಬಿ, ಬಾದಾಮಿ. ಬಿಸಿನೀರು ಅಂದಿದ್ದಕ್ಕೆ ಫ್ಲಾಸ್ಕನ್ನೇ ಕಿತ್ತುಕೊಂಡು ಹೋಗಿ ಕಂಠಮಟ್ಟ ತುಂಬಿಸಿ ತಂದಳು. ಎಷ್ಟು ಬಿಸಿ ಅಂದರೆ ಮುಚ್ಚಳ ಕಚ್ಚಿಕೊಂಡು, ತೆಗೆಯೋಕೆ ಇಪ್ಪತ್ತು ನಿಮಿಷ ಆಯಿತು. ಸುಟ್ಟುಕೊಂಡರೆ ಅನ್ನುವ ಮಾತೇ ಇಲ್ಲ. ಅಮ್ಮ ಚೀಲದಿಂದ ಎರಡು ಕೊಬ್ಬರಿ ಮಿಠಾಯಿ ತೆಗೆದು ಅವಳ ಕೈಗಿಟ್ಟಳು. ಆಕೆ ಅಲ್ಲೇ ನಿಂತು ಬಾಯಿಗೆ ಹಾಕಿಕೊಂಡಳು. ಮೊದಲನೇ ವಿಮಾನದ ಹುಡುಗನಿಗೆ ಮಿಠಾಯಿ ಕೊಡಲು ಅಮ್ಮನಿಗೆ ಯಾಕೋ ಧೈರ್ಯ ಬಂದಿರಲಿಲ್ಲ.

ಊಟ ತಪ್ಪಿದ್ದು ಕಂಪನಿಯ ತಪ್ಪು, ಹೊಟ್ಟೆ ತುಂಬಿದ್ದು ಒಬ್ಬ ಹೆಂಗಸಿನಿಂದ. ಅವಳ ಜಾಗದಲ್ಲಿ ಬೇರೆಯವರಿದ್ದಿದ್ದರೆ? ಅದನ್ನು ಮುಂದೆ ನೋಡಿದೆವು.

ಅದೇ ದಿನ, ರಾತ್ರಿ: ನ್ಯೂಯಾರ್ಕ್–ರಾಲಿ

ತಾರೀಖು ಬದಲಾಗಲೇ ಇಲ್ಲ. ಗಡಿಯಾರ ಒಂಬತ್ತೂವರೆ ಗಂಟೆ ಹಿಂದೆ ತಿರುಗಿಸಿದ್ದರಿಂದ ನಮ್ಮ ಆ ದಿನಕ್ಕೆ ಮೂವತ್ಮೂರೂವರೆ ಗಂಟೆ.

ನ್ಯೂಯಾರ್ಕ್‌ನಲ್ಲಿ ಗಾಲಿಕುರ್ಚಿ ತಳ್ಳಿದಾಕೆ ಟ್ರಿನಿಡಾಡ್‌ನವಳು. ಅವಳ ಮುತ್ತಜ್ಜಿಯ ಕಡೆಯವರು ಬಿಹಾರದಿಂದ ಹೋದವರಂತೆ. ಅಮ್ಮನಿಗೆ ಇಂಗ್ಲಿಷ್ ಬರೋದಿಲ್ಲ, ಅವಳಿಗೆ ಕನ್ನಡ ಬರೋದಿಲ್ಲ, ಇಬ್ಬರೂ ಇಮಿಗ್ರೇಷನ್ ಸಾಲಿನುದ್ದಕ್ಕೂ ಮಾತಾಡಿದರು. ಕೊನೆಗೆ 10 ಡಾಲರ್ ಕೊಟ್ಟೆ, ಇಲ್ಲಿ ಅದು ವಾಡಿಕೆ, ಅವರ ಸಂಬಳವೇ ಕಡಿಮೆ.

ಗೇಟಿನಲ್ಲಿ ಒಂದು ತಮಾಷೆ. ಸೀಟಿಗಿಂತ ಟಿಕೆಟ್ ಜಾಸ್ತಿ ಮಾರಿದ್ದರು. ಮೈಕ್ ಹಿಡಿದವಳು, "ಯಾರಾದರೂ ನಾಳೆ ಬೆಳಿಗ್ಗೆ ಹೋಗೋಕೆ ಒಪ್ಪಿದರೆ 300 ಡಾಲರ್ ವೋಚರ್" ಅಂದಳು. ಯಾರೂ ಏಳಲಿಲ್ಲ. 400. 500. ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾ ಕಾಯುತ್ತಿದ್ದಾರೆ. 700 ಅಂದಾಗ ಒಬ್ಬ ಕಾಲೇಜು ಹುಡುಗ ಕೈ ಎತ್ತಿದ. "ನಮ್ಮ ತಿಪಟೂರಿನ ಕೊಬ್ಬರಿ ಹರಾಜು ಇದೇ ಥರ ಕಣೋ" ಅಂತ ಅಮ್ಮ ನಕ್ಕಿದ್ದೇ ನಕ್ಕಿದ್ದು. ಹಿಂದೆ ಇಷ್ಟು ಧಾರಾಳ ಇರಲಿಲ್ಲ. 2017ರ ಏಪ್ರಿಲ್‌ನಲ್ಲಿ ಷಿಕಾಗೋದಲ್ಲಿ ಒಬ್ಬ ಡಾಕ್ಟರನ್ನು ಸೀಟಿನಿಂದ ಕಿತ್ತು ನೆಲದ ಮೇಲೆ ಎಳೆದುಕೊಂಡು ಹೋದ ವಿಡಿಯೋ ನೀವೂ ನೋಡಿರಬಹುದು. ಅದಾದ ಮೇಲೆ ದೊಡ್ಡ ಕಂಪನಿಗಳು ಈ ಹರಾಜಿನ ಮಿತಿಯನ್ನು ಹತ್ತು ಸಾವಿರ ಡಾಲರ್ ಹತ್ತಿರಕ್ಕೆ ಏರಿಸಿದವು. ಯಾರೂ ಒಪ್ಪದೆ ಬಲವಂತವಾಗಿ ಬಿಟ್ಟು ಹೋದರೆ ಅಮೆರಿಕದಲ್ಲಿ ಕಾನೂನಿನ ಪ್ರಕಾರ ಕೈಗೆ ದುಡ್ಡೇ ಕೊಡಬೇಕು, ಟಿಕೆಟ್ ದರದ ನಾಲ್ಕು ಪಟ್ಟಿನವರೆಗೆ, ಈಗಿನ ಮಿತಿ 2,150 ಡಾಲರ್.

ಒಂದೂವರೆ ಗಂಟೆಯ ಹಾರಾಟ. ಕುಲುಕಾಟ ಇದ್ದಿದ್ದರಿಂದ ಬಿಸಿ ಪಾನೀಯ ಇಲ್ಲ ಅಂದರು. ಬಿಳಿ ಕೂದಲಿನಾಕೆ ಹಾಕಿದ ನೀರನ್ನು ನ್ಯೂಯಾರ್ಕ್‌ನ ಸೆಕ್ಯುರಿಟಿಯಲ್ಲಿ ಚೆಲ್ಲಿಯಾಗಿತ್ತು, ಫ್ಲಾಸ್ಕು ಖಾಲಿ.

ಎರಡರಿಂದ ಹನ್ನೊಂದನೇ ದಿನ

ರಾಲಿ. ಅಕ್ಕನ ಮನೆ, ನಿದ್ದೆ, ಹುಳಿಯನ್ನ, ಮೊಮ್ಮಕ್ಕಳು. ಇಲ್ಲಿ ವಿಮಾನದ ಸಮಾಚಾರ ಏನೂ ಇಲ್ಲ.

ಹನ್ನೆರಡನೇ ದಿನ: ರಾಲಿ–ಷಿಕಾಗೋ

ಇದು ಬೇರೆ ಟಿಕೆಟ್, ಬೇರೆ ಅಮೆರಿಕನ್ ಕಂಪನಿ. ಭಾರತದಿಂದ ಬರುವಾಗ ತಲಾ 23 ಕೆಜಿಯ ಎರಡೆರಡು ಪೆಟ್ಟಿಗೆ ಟಿಕೆಟ್ ದರದಲ್ಲೇ ಸೇರಿತ್ತು. ಇಲ್ಲಿ ಪ್ರತಿ ಪೆಟ್ಟಿಗೆಗೂ ದುಡ್ಡು. 2008ರಲ್ಲಿ ತೈಲದ ಬೆಲೆ ಏರಿದಾಗ ದೊಡ್ಡ ಕಂಪನಿಯೊಂದು ಮೊದಲ ಪೆಟ್ಟಿಗೆಗೆ 15 ಡಾಲರ್ ಅಂತ ಶುರು ಮಾಡಿತು, ತೈಲ ಇಳಿದರೂ ಶುಲ್ಕ ಇಳಿಯಲಿಲ್ಲ. ಪೆಟ್ಟಿಗೆ ಫ್ರೀ ಅನ್ನುತ್ತಿದ್ದ ಸೌತ್‌ವೆಸ್ಟ್ ಏರ್‌ಲೈನ್ಸ್ ಕೂಡ 2025ರ ಮೇ 28ರಿಂದ ಅದನ್ನು ಬಿಟ್ಟಿತು. ಪರಿಣಾಮ ಏನು ಅಂದರೆ, ಎಲ್ಲರೂ ಪೆಟ್ಟಿಗೆ ಎಳೆದುಕೊಂಡೇ ವಿಮಾನ ಹತ್ತುತ್ತಾರೆ, ಮೇಲಿನ ಗೂಡು ತುಂಬುವ ಮುಂಚೆ ನುಗ್ಗಬೇಕು, ಅದಕ್ಕೇ ಗ್ರೂಪ್ ಒಂದು, ಎರಡು, ಮೂರು ಅಂತ ಎಂಟು ಒಂಬತ್ತರವರೆಗೆ ಕರೆಯುತ್ತಾ ಹೋಗುತ್ತಾರೆ, ನಮ್ಮದು ಎಂಟು. ಮೆಜೆಸ್ಟಿಕ್‌ನಲ್ಲಿ ಟವೆಲ್ ಎಸೆದು ಸೀಟು ಹಿಡಿದವರಿಗೆ ಇದೇನು ಹೊಸದಲ್ಲ.

ಮುಂದೆ ಫಸ್ಟ್ ಕ್ಲಾಸ್. ಎರಡೆರಡು ಅಗಲವಾದ ಸೀಟು, ನಿಜವಾಗಿಯೂ ಸೋಫಾ ಥರ. ಅದರಲ್ಲಿ ಖಾಲಿ ಉಳಿದದ್ದು ಸದಾ ಹಾರುವವರಿಗೆ ಪುಕ್ಕಟೆ ಸಿಗುತ್ತೆ, ಯಾರಿಗೆ ಅನ್ನುವ ಪಟ್ಟಿ ಗೇಟಿನ ಪರದೆಯ ಮೇಲೆ ಹೆಸರಿನ ಮೂರು ಅಕ್ಷರದ ಜೊತೆ ಬರುತ್ತೆ. ಜನ ಅದನ್ನು ಪಿಯುಸಿ ರಿಸಲ್ಟ್ ನೋಡುವ ಹಾಗೆ ನೋಡುತ್ತಾ ನಿಂತಿರುತ್ತಾರೆ. ನಮ್ಮ ಸೀಟೂ ಪರವಾಗಿಲ್ಲ. ಚಾರ್ಜರ್ ಇತ್ತು, ಸ್ಕ್ರೀನ್ ಇತ್ತು, ಮೆಂಬರ್ ಆದರೆ ವೈಫೈ ಫ್ರೀ.

ಬಾಗಿಲು ಮುಚ್ಚಿತು, ವಿಮಾನ ಹೊರಟಿತು, ರನ್‌ವೇ ಪಕ್ಕ ನಿಂತಿತು. ಷಿಕಾಗೋ ಮೇಲೆ ಗುಡುಗು ಮಳೆ. ಪೈಲಟ್ ಪ್ರತಿ ಇಪ್ಪತ್ತು ನಿಮಿಷಕ್ಕೂ ಮೈಕ್‌ನಲ್ಲಿ ಬಂದು, ಮೋಡ ಎಲ್ಲಿದೆ, ನಮ್ಮ ಮುಂದೆ ಎಷ್ಟು ವಿಮಾನ ಇದೆ, ಡೀಸೆಲ್... ಅಲ್ಲ, ಇಂಧನ ಎಷ್ಟಿದೆ, ಎಲ್ಲ ವರದಿ ಒಪ್ಪಿಸುತ್ತಿದ್ದ, ಮಧ್ಯೆ ತನ್ನ ಅತ್ತೆಯ ಮೇಲೆ ಒಂದು ಜೋಕೂ ಹೇಳಿದ. ಈ ವಿಷಯದಲ್ಲಿ ಅಮೆರಿಕದ ಪೈಲಟ್‌ಗಳನ್ನು ಮೆಚ್ಚಬೇಕು, ಏನೂ ಮುಚ್ಚಿಡೋದಿಲ್ಲ. ಅಮ್ಮನಿಗೆ ಬಿಸಿನೀರು ಕೇಳಿದೆ. ಆ ಹುಡುಗಿ ಹಲ್ಲೆಲ್ಲ ಕಾಣುವ ಹಾಗೆ ನಕ್ಕು, "ಷ್ಯೂರ್!" ಅಂದಳು. ಬರಲಿಲ್ಲ. ಮತ್ತೆ ಕೇಳಿದೆ. "ಆಬ್ಸಲ್ಯೂಟ್ಲಿ!" ಆಗಲೂ ಬರಲಿಲ್ಲ. ಮೂರನೇ ಸಲ ಕೇಳಲು ನನಗೇ ನಾಚಿಕೆ.

ಹತ್ತಿರ ಹತ್ತಿರ ಎರಡು ಗಂಟೆ ಆಗುವಾಗ ಇದ್ದಕ್ಕಿದ್ದ ಹಾಗೆ ಎಲ್ಲರಿಗೂ ನೀರು, ಬಿಸ್ಕತ್ತು ಬಂತು. ಏನು ದಯೆ ಅಂದುಕೊಂಡೆ. ದಯೆ ಅಲ್ಲ, ರೂಲ್ಸು. ವಿಮಾನ ನೆಲದ ಮೇಲೆ ನಿಂತರೆ ಎರಡು ಗಂಟೆಯೊಳಗೆ ತಿನ್ನಲು ಕುಡಿಯಲು ಕೊಡಬೇಕು, ದೇಶದೊಳಗಿನ ಹಾರಾಟವಾದರೆ ಮೂರು ಗಂಟೆಯೊಳಗೆ ಇಳಿಯಲು ಅವಕಾಶ ಕೊಡಬೇಕು, 2010ರಿಂದ ಹೀಗೆ. ಮೀರಿದರೆ ಭಾರಿ ದಂಡ. ಬಿಸ್ಕತ್ತು ಕ್ಯಾರಮೆಲ್ ರುಚಿಯದ್ದು, ಅಮೆರಿಕದ ವಿಮಾನಗಳಲ್ಲಿ ಬಹಳ ಜನಪ್ರಿಯ. ಪೊಟ್ಟಣ ತಿರುಗಿಸಿ ನೋಡಿದರೆ ಮೂಲ ಬೆಲ್ಜಿಯಂ.

ತಡವಾಗಿದ್ದಕ್ಕೆ ಇಳಿಯುವಾಗ ಸಿಬ್ಬಂದಿ ಎಲ್ಲ ಸಾಲಾಗಿ ನಿಂತು ಸಾರಿ ಅಂದರು. ಒಟ್ಟು ಆರು "ಸಾರಿ" ಎಣಿಸಿದೆ. ದುಡ್ಡು? ಮಳೆಗೆ ಯುರೋಪಿನಲ್ಲೂ ಸಾಮಾನ್ಯವಾಗಿ ಪರಿಹಾರ ಇಲ್ಲ, ಅದು ನ್ಯಾಯವೇ. ಆದರೆ ಕಂಪನಿಯ ತಪ್ಪಿನಿಂದ ತಡವಾದರೂ ಅಮೆರಿಕದಲ್ಲಿ ಕಾನೂನಿನ ಪರಿಹಾರ ಇಲ್ಲ. ಬೈಡನ್ ಸರ್ಕಾರ ಕೊನೆಗಾಲದಲ್ಲಿ ಅಂಥದ್ದೊಂದು ನಿಯಮದ ಪ್ರಸ್ತಾಪ ಇಟ್ಟಿತ್ತು, ಟ್ರಂಪ್ ಸರ್ಕಾರ 2025ರಲ್ಲಿ ಕೈಬಿಟ್ಟಿತು.

ಹದಿನಾರನೇ ದಿನ: ಷಿಕಾಗೋ–ಮ್ಯೂನಿಕ್

ಗೃಹಪ್ರವೇಶ ಚೆನ್ನಾಗಾಯಿತು. ಹೊಗೆ ಅಲಾರಂ ಹೊಡೆದುಕೊಳ್ಳುತ್ತೆ ಅಂತ ಹೋಮ ಮಾತ್ರ ಗರಾಜಿನಲ್ಲಿ.

ಈ ವಿಮಾನ ಬೇಕಂತಲೇ ಯುರೋಪಿನ ಕಂಪನಿಯದ್ದು ಆರಿಸಿದ್ದೆ. ಕಾರಣ ಹೇಳುತ್ತೇನೆ, ಇದು ಬಹಳ ಜನಕ್ಕೆ ಗೊತ್ತಿರೋದಿಲ್ಲ. ಯುರೋಪಿನ ಒಕ್ಕೂಟದಲ್ಲಿ 2004ರ 261ನೇ ನಂಬರಿನ ನಿಯಮ ಅಂತ ಒಂದಿದೆ. ವಿಮಾನ ರದ್ದಾದರೆ ಅಥವಾ ಸಿಕ್ಕಾಪಟ್ಟೆ ತಡವಾದರೆ ದೂರಕ್ಕೆ ತಕ್ಕಂತೆ 250, 400, 600 ಯುರೋ. ಯುರೋಪಿನಿಂದ ಹೊರಡುವ ಯಾವ ದೇಶದ ಕಂಪನಿಗೂ ಇದು ಅನ್ವಯ. ಅಂದರೆ ಫ್ರಾಂಕ್‌ಫರ್ಟ್‌ನಿಂದ ನ್ಯೂಯಾರ್ಕ್‌ಗೆ ಹಾರಿದ ಆ ಅಮೆರಿಕನ್ ವಿಮಾನಕ್ಕೂ ಇತ್ತು. ಆದರೆ ಯುರೋಪಿಗೆ ಹೋಗುವಾಗ ಯುರೋಪಿನ ಕಂಪನಿಗೆ ಮಾತ್ರ. ಅದೂ ಟಿಕೆಟ್ ಮೇಲಿನ ಹೆಸರು ಲೆಕ್ಕಕ್ಕಿಲ್ಲ, ಹಾರಿಸುವವರು ಯಾರು ಅನ್ನೋದು ಲೆಕ್ಕ. ಒಂದೇ ದಿನ, ಒಂದೇ ಊರಿನಿಂದ ಎರಡು ವಿಮಾನ ಅಕ್ಕಪಕ್ಕ ಹೊರಟರೂ ಒಂದರಲ್ಲಿ ನಿಮಗೆ ಹಕ್ಕು ಇದೆ, ಇನ್ನೊಂದರಲ್ಲಿ ಇಲ್ಲ.

ಏನೂ ಆಗಲಿಲ್ಲ, ಸಮಯಕ್ಕೆ ಸರಿಯಾಗಿ ಹೊರಟಿತು. ಏರ್‌ಬಸ್ 350, ಸೀಟು ಸುಮಾರು 18 ಇಂಚು, ಸದ್ದು ಕಡಿಮೆ. ಊಟ ಬಂತು, ಬಿಸಿನೀರು ಬಂತು, ಟ್ರೇ ಮೇಲೆ, ನ್ಯಾಪ್ಕಿನ್ ಸಮೇತ. ಅಮ್ಮ ಎಂಟು ಗಂಟೆಯಲ್ಲಿ ಆರು ಗಂಟೆ ನಿದ್ದೆ ಮಾಡಿದಳು. ಇಷ್ಟು ಸಲೀಸಾಗಿ ಹೋದರೆ ಬರೆಯೋಕೆ ಏನಿದೆ?

ಇಪ್ಪತ್ತನೇ ದಿನ: ಮ್ಯೂನಿಕ್‌ನಿಂದ ಒಂದು ಊರಿಗೆ

ಆ ಊರಿನ ಹೆಸರು ಹೇಳಿದರೆ ಕಂಪನಿಯ ಹೆಸರು ಹೇಳಿದ ಹಾಗೇ. ಬೆಂಗಳೂರಿಗೆ ನೇರ ವಿಮಾನ ಇರುವ ಯುರೋಪಿನ ಊರುಗಳು ಬೆರಳೆಣಿಕೆ. ಬಿಡಿ.

ಯುರೋಪಿನ ಒಳಗಿನ ಸಣ್ಣ ಹಾರಾಟದ ಮುಂದೆ ಅಮೆರಿಕದ್ದು ಅರಮನೆ. ಸ್ಕ್ರೀನ್ ಇಲ್ಲ, ಚಾರ್ಜರ್ ಇಲ್ಲ, ಸೀಟು ಹಲಗೆಯಂತೆ ತೆಳು. ನಾವಿದ್ದದ್ದು ಬಿಸಿನೆಸ್ ಕ್ಲಾಸಿನ ಪರದೆಯ ಹಿಂದಿನ ಸಾಲು. ಪರದೆ ಸರಿದಾಗ ಅಮ್ಮ ಬಗ್ಗಿ ನೋಡಿ, "ಅದೂ ಇದೇ ಸೀಟು ಅಲ್ವೇನೋ?" ಅಂದಳು. ಹೌದು, ಅದೇ ಸೀಟು, ಅದೇ ಅಗಲ. ಮಧ್ಯದ ಸೀಟು ಖಾಲಿ ಬಿಡುತ್ತಾರೆ, ತಟ್ಟೆಯಲ್ಲಿ ಊಟ ಕೊಡುತ್ತಾರೆ, ಅಷ್ಟೇ. "ಖಾಲಿ ಜಾಗಕ್ಕೆ ದುಡ್ಡಾ! ನಮ್ಮ ಬಸ್ಸಲ್ಲಿ ಬ್ಯಾಗ್ ಇಟ್ಟು ಹಿಡಿದುಕೊಳ್ತಾರಪ್ಪ."

ಬಿಸಿನೀರು ಕೇಳಿದೆ. ಆಕೆ ದರಪಟ್ಟಿ ತೆಗೆದು ಮೇಲಿಂದ ಕೆಳಗೆ ಬೆರಳಾಡಿಸಿದಳು. ಕಾಫಿ ಇದೆ, ಟೀ ಇದೆ, ಸೂಪ್ ಇದೆ. ಬರೀ ಬಿಸಿನೀರು ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಕೊಡೋದು ಹೇಗೆ? ಕೊನೆಗೆ ಒಂದು ದಾರಿ ಸಿಕ್ಕಿತು: 3 ಯುರೋ ಕೊಟ್ಟು ಟೀ ತಗೊಳ್ಳೋದು, ಟೀ ಪೊಟ್ಟಣ ಅದ್ದದೆ ಪಕ್ಕಕ್ಕೆ ಇಡೋದು. ಕಾರ್ಡು ಉಜ್ಜಿದೆ. ಅಮ್ಮ ನೀರು ಕುಡಿದು, ಟೀ ಪೊಟ್ಟಣ ಫ್ಲಾಸ್ಕಿನ ಜೊತೆ ಚೀಲಕ್ಕೆ ಹಾಕಿಕೊಂಡಳು.

ಆ ಊರಿನಲ್ಲಿ ಇಳಿದು ಬೆಂಗಳೂರಿನ ಗೇಟಿಗೆ ಹೋದರೆ ಬೋರ್ಡಿನಲ್ಲಿ ಕೆಂಪಕ್ಷರ. ರದ್ದು. ತಾಂತ್ರಿಕ ದೋಷವಂತೆ. ಕೌಂಟರಿನ ಮುಂದೆ ಇನ್ನೂರು ಜನ. ಎರಡೂವರೆ ಗಂಟೆ ನಿಂತ ಮೇಲೆ ನಮ್ಮ ಸರದಿ. ಕೂತಿದ್ದವ ಮುಖ ಎತ್ತಲಿಲ್ಲ. ಸಾರಿ ಅನ್ನುವ ಪದ ಅವನ ಬಾಯಿಂದ ಬರಲೇ ಇಲ್ಲ. ನಾಳೆ ಮಧ್ಯಾಹ್ನದ ವಿಮಾನದ ಚೀಟಿ, ಹೋಟೆಲಿನ ಚೀಟಿ, ಊಟದ ಚೀಟಿ, ಬಸ್ಸಿನ ಚೀಟಿ, ಕೊನೆಗೆ ಒಂದು ಕರಪತ್ರ, ಎಲ್ಲ ಜೋಡಿಸಿ ಸ್ಟೇಪ್ಲರ್ ಹೊಡೆದು ತಳ್ಳಿ, "ನೆಕ್ಸ್ಟ್" ಅಂದ. ಕರಪತ್ರ ನಮ್ಮ ಹಕ್ಕುಗಳದ್ದು. ಅದನ್ನು ಕೊಡಲೇಬೇಕು ಅಂತ ನಿಯಮದಲ್ಲೇ ಇದೆ.

ಮ್ಯೂನಿಕ್‌ಗೆ ಅಂತ ಷೆಂಗೆನ್ ವೀಸಾ, ಅಂದರೆ ಯುರೋಪಿನ ಬಹುಪಾಲು ದೇಶಗಳಿಗೆ ನಡೆಯುವ ಒಂದೇ ವೀಸಾ, ಮಾಡಿಸಿದ್ದು ಪುಣ್ಯ. ಅಮೆರಿಕದಿಂದ ಬಂದು ಬರೀ ವಿಮಾನ ಬದಲಿಸುತ್ತಿದ್ದ ನಮ್ಮೂರ ಕಡೆಯ ಎಷ್ಟೋ ಜನ ಹೊರಗೆ ಹೋಗುವಂತಿರಲಿಲ್ಲ, ಅವರಿಗೆ ಒಳಗೇ ಮಡಚುವ ಮಂಚ ಹಾಕಿದರು. ಹಾಸನದ ಒಂದು ಜೋಡಿ, ಕೈಯಲ್ಲಿ ಎಳೆಗೂಸು. ಅಮ್ಮ ಆಕೆಗೆ ಉಳಿದಿದ್ದ ಕೊಬ್ಬರಿ ಮಿಠಾಯಿ ಡಬ್ಬಿಯನ್ನೇ ಕೊಟ್ಟುಬಂದಳು.

ಹೋಟೆಲ್ ಚೆನ್ನಾಗಿತ್ತು. ಕೋಣೆಯಲ್ಲಿ ಎಲೆಕ್ಟ್ರಿಕ್ ಕೆಟಲ್. ಅಮ್ಮ ಮೂರು ಸಲ ನೀರು ಕಾಯಿಸಿದಳು, ಸುಮ್ನೆ.

ಇಪ್ಪತ್ತೊಂದನೇ ದಿನ ಮತ್ತು ಆಮೇಲೆ

ಕೊನೆಯ ವಿಮಾನ ಸರಿಯಾಗಿ ಬಂತು. ಅಮ್ಮನನ್ನು ಕೇಳಿದೆ, ಅಮೆರಿಕದವರೋ ಯುರೋಪಿನವರೋ, ಯಾರು ವಾಸಿ? "ನಗೋದರಲ್ಲಿ ಅವರು, ತರೋದರಲ್ಲಿ ಇವರು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ಬಿಳಿ ಕೂದಲಿನವಳು ಮಾತ್ರ ಎರಡೂ."

ಊರಿಗೆ ಬಂದ ವಾರಕ್ಕೆ ಕಂಪನಿಯ ವೆಬ್‌ಸೈಟಿನಲ್ಲಿ ಪರಿಹಾರ ಕೇಳಿದೆ. ಅರ್ಜಿಯಲ್ಲಿ ಐಬ್ಯಾನ್ ಕೇಳುತ್ತೆ, ಅದು ಯುರೋಪಿನ ಬ್ಯಾಂಕ್ ಖಾತೆಗಳ ನಂಬರ್, ನಮ್ಮ ಬ್ಯಾಂಕುಗಳಲ್ಲಿ ಅದಿಲ್ಲ, ವಿದೇಶದಿಂದ ದುಡ್ಡು ಬರಲು ಬ್ಯಾಂಕನ್ನು ಗುರುತಿಸುವ ಸ್ವಿಫ್ಟ್ ಕೋಡ್ ಬೇರೆ ಕಡೆ ಬರೆಯಬೇಕಾಯಿತು. ಮೊದಲ ಉತ್ತರ ಬಂತು: ನಮ್ಮ ಕೈಮೀರಿದ ಅಸಾಧಾರಣ ಸಂದರ್ಭ, ಕ್ಷಮಿಸಿ. ಕ್ಷಮಿಸಿ ಅನ್ನುವ ಪದ ಅಲ್ಲಿತ್ತು ನೋಡಿ. ನಾನು ಬಿಡಲಿಲ್ಲ. ಸಾಮಾನ್ಯ ತಾಂತ್ರಿಕ ದೋಷ ಅಸಾಧಾರಣ ಸಂದರ್ಭ ಆಗೋದಿಲ್ಲ ಅಂತ ಯುರೋಪಿನ ನ್ಯಾಯಾಲಯವೇ 2008ರಲ್ಲಿ ತೀರ್ಪು ಕೊಟ್ಟಿದೆ, ಅದನ್ನು ಎರಡು ಸಾಲಿನಲ್ಲಿ ಬರೆದು ಕಳಿಸಿದೆ. ಎಂಟು ವಾರ ಸದ್ದಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬ್ಯಾಂಕಿನಿಂದ ಮೆಸೇಜು, ತಲಾ 600, ಇಬ್ಬರಿಗೆ ಸೇರಿ 1,200 ಯುರೋ.

ಅಮ್ಮ ಅಡುಗೆಮನೆಯಲ್ಲಿದ್ದಳು. ವಿಷಯ ಹೇಳಿದೆ. ರೂಪಾಯಿಗೆ ಎಷ್ಟಾಗುತ್ತೆ ಅಂತ ಕೇಳಿ, ಒಲೆ ಸಣ್ಣ ಮಾಡಿ, ನನ್ನ ಕಡೆ ತಿರುಗಿದಳು.

"ಮುಂದಿನ ಸಲವೂ ಅದರಲ್ಲೇ ಬುಕ್ ಮಾಡೋ. ಕೆಟ್ಟು ನಿಂತರೆ ಕೆಟಲ್ ಇರೋ ರೂಮೂ ಸಿಗುತ್ತೆ."